ಆರ್‌ಎಸ್-485 ಲೈನಿನಲ್ಲಿ 120 ಓಮ್ ಜಂಪರ್ ಎಲ್ಲೆಲ್ಲಿ ಇರಬೇಕು?

ಪ್ರಶ್ನೆ: ನಮ್ಮ ಪ್ಯಾನೆಲ್‌ನ ಟರ್ಮಿನಲ್ ಬೋರ್ಡಿನಲ್ಲಿ ಆರ್‌ಎಸ್-485 (ಒಂದೇ ತಂತಿಜೋಡಿಯಲ್ಲಿ ಹಲವು ಸಾಧನಗಳು ಮಾತಾಡುವ ವ್ಯವಸ್ಥೆ) ಚಾನೆಲ್‌ಗೆ ಎ, ಬಿ, ಜಿ (ಗ್ರೌಂಡ್) ಎಂದು ಮೂರು ಟರ್ಮಿನಲ್‌ಗಳಿವೆ. ಪಕ್ಕದಲ್ಲೇ 120 ಓಮ್ ರೆಸಿಸ್ಟರನ್ನು ಎ-ಬಿ ನಡುವೆ ಸೇರಿಸುವ ಜಂಪರ್ ಇದೆ. ಬೋರ್ಡ್ ಸೇರಿ ಒಂದೇ ಲೈನಿನಲ್ಲಿ ಆರು ಸಾಧನಗಳು. ಆರರಲ್ಲೂ ಜಂಪರ್ ಹಾಕಿದ್ದೇವೆ. ಆದರೂ ಕೊನೆಯ ಎರಡು ಮೀಟರ್‌ಗಳು ಆಗಾಗ ಉತ್ತರ ಕೊಡುವುದಿಲ್ಲ. ಕೇಬಲ್ ಬದಲಿಸಬೇಕೇ?

ಉತ್ತರ: ಈಗಲೇ ಕೇಬಲ್ ಬದಲಿಸಲು ಹೋಗಬೇಡಿ. ಮೊದಲು ನಾಲ್ಕು ಜಂಪರ್ ತೆಗೆಯಿರಿ.

ಜಂಪರ್ ಇರುವುದು ಸಾಧನಕ್ಕಾಗಿ ಅಲ್ಲ, ಕೇಬಲ್‌ಗಾಗಿ. ತಂತಿ ಮುಗಿಯುವ ಜಾಗದಲ್ಲಿ ಸಿಗ್ನಲ್ ಹಿಂದಕ್ಕೆ ಪುಟಿದು ಮುಂದಿನ ಬಿಟ್‌ಗಳನ್ನು ಕೆಡಿಸುತ್ತದೆ. ಅದನ್ನು ತಡೆಯಲು ಎರಡು ತುದಿಗಳಲ್ಲಿ ಮಾತ್ರ 120 ಓಮ್ ಬೇಕು. ಎರಡೂ ಸಮಾನಾಂತರವಾಗಿ ಸೇರಿದರೆ 60 ಓಮ್. ನಿಮ್ಮಲ್ಲಿ ಆರು ಸೇರಿ 20 ಓಮ್ ಆಗಿದೆ. 54 ಓಮ್ ಲೋಡಿನಲ್ಲಿ ಕನಿಷ್ಠ 1.5 ವೋಲ್ಟ್ ಕೊಡಬೇಕು ಎಂಬುದು ಡ್ರೈವರ್‌ಗೆ (ಸಿಗ್ನಲ್ ಕಳಿಸುವ ಭಾಗ) ಇರುವ ನಿಯಮ. 20 ಓಮ್ ಅದಕ್ಕೆ ತುಂಬಾ ಭಾರ. ವೋಲ್ಟೇಜ್ ಕುಸಿಯುತ್ತದೆ, ದೂರದ ಮೀಟರ್‌ಗಳಿಗೆ ತಲುಪುವಷ್ಟರಲ್ಲಿ ಇನ್ನೂ ಕಡಿಮೆಯಾಗುತ್ತದೆ.

ತುದಿ ಯಾವುದು ಎಂದು ಗುರುತಿಸುವಾಗ ಜನ ಜಾಸ್ತಿ ಎಡವುತ್ತಾರೆ. ನಿಮ್ಮ ಬೋರ್ಡಿನಿಂದ ಒಂದೇ ಕೇಬಲ್ ಹೊರಟಿದ್ದರೆ ಬೋರ್ಡ್ ಒಂದು ತುದಿ. ಎರಡು ದಿಕ್ಕಿಗೆ ಎರಡು ಕೇಬಲ್ ಹೋಗಿದ್ದರೆ ಬೋರ್ಡ್ ಲೈನಿನ ಮಧ್ಯದಲ್ಲಿದೆ, ಅದರ ಜಂಪರ್ ಕೂಡ ಬಿಚ್ಚಬೇಕು. ಮೂರು ಕಡೆಗೆ ಹೋಗಿದ್ದರೆ ಅದು ನಕ್ಷತ್ರದ ಜೋಡಣೆ. ಯಾವ ಜಂಪರೂ ಅದನ್ನು ಸರಿಮಾಡದು, ಒಂದರಿಂದ ಇನ್ನೊಂದಕ್ಕೆ ಸಾಲಾಗಿ ಎಳೆಯಲೇಬೇಕು.

ಎಲ್ಲದರ ಪವರ್ ಆಫ್ ಮಾಡಿ, ಎ ಮತ್ತು ಬಿ ನಡುವೆ ಮಲ್ಟಿಮೀಟರ್ ಹಿಡಿಯಿರಿ. ಸುಮಾರು 60 ಬಂದರೆ ಸರಿ. 120 ಎಂದರೆ ಒಂದು ತುದಿ ಬಿಟ್ಟುಹೋಗಿದೆ, ಇಲ್ಲವೇ ಮಧ್ಯೆ ತಂತಿ ಕಡಿದಿದೆ. 40 ಎಂದರೆ ಎಲ್ಲೋ ಮೂರನೆಯದು ಉಳಿದಿದೆ. ಕೇಬಲ್ ಉದ್ದವಿದ್ದರೆ ತಂತಿಯ ರೆಸಿಸ್ಟೆನ್ಸ್ ಸೇರಿ 60ಕ್ಕಿಂತ ಸ್ವಲ್ಪ ಜಾಸ್ತಿ ತೋರಿಸುತ್ತದೆ, ಗಾಬರಿ ಬೇಡ.

ಜಿ ಟರ್ಮಿನಲ್ ಖಾಲಿ ಬಿಟ್ಟಿಲ್ಲ ಅಲ್ವಾ? ಎರಡು ತಂತಿ ಸಾಕು ಎಂಬ ಮಾತು ನಂಬಬೇಡಿ. ಸಾಧನಗಳ ಗ್ರೌಂಡ್ ನಡುವೆ ವ್ಯತ್ಯಾಸವಿದ್ದರೂ ಲೈನಿನ ವೋಲ್ಟೇಜ್ ರಿಸೀವರ್‌ಗೆ -7ರಿಂದ +12 ವೋಲ್ಟ್ ಒಳಗೇ ಕಾಣಬೇಕು. ಅದಕ್ಕೆ ಮೂರನೇ ತಂತಿ ಬೇಕು. ಶೀಲ್ಡ್ (ಕೇಬಲ್ ಒಳಗಿನ ಲೋಹದ ಹೊದಿಕೆ) ಆ ಕೆಲಸಕ್ಕಲ್ಲ. ಅದನ್ನು ಪ್ರತಿ ಸಾಧನದ ಬಳಿ ಮುಂದಕ್ಕೆ ಜೋಡಿಸುತ್ತಾ ಹೋಗಿ, ಅರ್ಥಿಂಗ್ ಪ್ಯಾನೆಲ್ ಕಡೆ ಒಂದೇ ಜಾಗದಲ್ಲಿ ಕೊಡಿ.

ಮಧ್ಯದ ಸಾಧನಗಳಲ್ಲಿ ಒಂದು ಟರ್ಮಿನಲ್‌ಗೆ ಎರಡು ತಂತಿ ಬರುತ್ತವೆ. ಸುಮ್ನೆ ತಿರುಚಿ ಸ್ಕ್ರೂ ಬಿಗಿಯಬೇಡಿ, ಜೋಡಿ ಫೆರುಲ್ (ಎರಡು ತಂತಿಯ ತುದಿ ಸೇರಿಸುವ ಲೋಹದ ಕೊಳವೆ) ಹಾಕಿ ಕ್ರಿಂಪ್ ಮಾಡಿ. ತಂತಿಜೋಡಿಯ ಹೆಣಿಗೆಯನ್ನು ಟರ್ಮಿನಲ್ ಹತ್ತಿರದವರೆಗೂ ಉಳಿಸಿಕೊಳ್ಳಿ. ಎ, ಬಿ ಹೆಸರುಗಳು ಕಂಪನಿಯಿಂದ ಕಂಪನಿಗೆ ಅದಲುಬದಲಾಗಿರುತ್ತವೆ. ಹೊಸ ಸಾಧನ ಮಾತಾಡದಿದ್ದರೆ ಎರಡನ್ನೂ ಬದಲಿಸಿ ನೋಡಿ, ಏನೂ ಸುಡುವುದಿಲ್ಲ.

60 ಓಮ್ ಬಂದ ಮೇಲೂ ತೊಂದರೆ ಇದ್ದರೆ, ಪವರ್ ಹಾಕಿ, ಮಾಸ್ಟರ್ ಸಾಧನ ಉಳಿದವನ್ನು ಸರದಿಯಲ್ಲಿ ಕೇಳುವುದನ್ನು (ಪೋಲಿಂಗ್) ನಿಲ್ಲಿಸಿ, ಎ-ಬಿ ನಡುವಿನ ಡಿಸಿ ವೋಲ್ಟೇಜ್ ಅಳೆಯಿರಿ. 200 ಮಿಲಿವೋಲ್ಟ್‌ಗಿಂತ ಕಡಿಮೆ ಇದ್ದರೆ ಬಯಾಸ್ ಸ್ವಿಚ್ (ಯಾರೂ ಮಾತಾಡದಾಗ ಲೈನನ್ನು ಸ್ಥಿರ ವೋಲ್ಟೇಜಿನಲ್ಲಿ ಹಿಡಿದಿಡುವುದು) ಆನ್ ಮಾಡಿ, ಇಡೀ ಲೈನಿನಲ್ಲಿ ಒಂದೇ ಕಡೆ.