ತೊಗರಿ ನೆಟೆ ರೋಗದ ಮೇಲೆ ಸಾವಿರಾರು ಪ್ರಬಂಧಗಳಿವೆ. ಸೈಟೇಷನ್ ಮ್ಯಾಪ್ ಮಾಡಿದರೆ ಓದುವ ಕೆಲಸ ತಪ್ಪುತ್ತದೆಯೇ?

ನಿಮ್ಮ ಪ್ರಶ್ನೆ ನನಗೆ ತಿಳಿದಂತೆ ಇಷ್ಟು: ಯಾದಗಿರಿಯವರು, ಕಲಬುರಗಿಯಲ್ಲಿ ತೊಗರಿ ನೆಟೆ ರೋಗದ (ಗಿಡ ಸೊರಗಿ ಒಣಗುವ ರೋಗ) ಮೇಲೆ ಪಿಎಚ್‌ಡಿಗೆ ಸೇರಿದ್ದೀರಿ. ಗೈಡ್ ಮೊದಲು ಲಿಟರೇಚರ್ ರಿವ್ಯೂ ಬರೆದು ತಾ ಅಂದಿದ್ದಾರೆ. ಹುಡುಕಿದರೆ ಪ್ರಬಂಧಗಳು ರಾಶಿ ಬೀಳುತ್ತಿವೆ. ಸೀನಿಯರ್ ಒಬ್ಬರು "ವಿಓಎಸ್‌ವ್ಯೂವರ್‌ಗೆ ಹಾಕಿ ಬಣ್ಣದ ಚಿತ್ರ ತೆಗಿ, ಎಲ್ಲಾ ಓದಾಕ ಕೂಡಬ್ಯಾಡ" ಅಂದರಂತೆ. ಪ್ರಬಂಧಗಳನ್ನು ಬಿಂದುಗಳಾಗಿ, ಅವುಗಳ ಉಲ್ಲೇಖದ ನಂಟನ್ನು ಗೆರೆಗಳಾಗಿ ಬರೆಯುವ ಸಾಫ್ಟ್‌ವೇರ್ ಅದು; ಆ ಚಿತ್ರವೇ ಸೈಟೇಷನ್ ಮ್ಯಾಪ್.

ಓದೋದಂತೂ ತಪ್ಪಲ್ಲರೀ. ಯಾವುದನ್ನು ಮೊದಲು ಓದಬೇಕು, ಯಾವುದನ್ನು ಕಣ್ಣಾಡಿಸಿ ಬಿಡಬಹುದು, ಯಾರು ಯಾರ ಕೆಲಸವನ್ನು ನೋಡದೆ ಕೂತಿದ್ದಾರೆ ಅನ್ನುವುದು ಮಾತ್ರ ಆ ನಕ್ಷೆಯಲ್ಲಿ ಬೇಗ ಕಾಣುತ್ತದೆ. ನಾನು ಗ್ರಂಥಾಲಯ ವಿಜ್ಞಾನದವನು, ಇಲ್ಲೇ ಕಲಬುರಗಿಯಲ್ಲಿ ಸಂಶೋಧನಾ ವಿದ್ಯಾರ್ಥಿಗಳ ಜೊತೆ ಇದೇ ಕೆಲಸ ಮಾಡುತ್ತೇನೆ. ನಕ್ಷೆ ತೆಗೆಯುವುದು ಸುಲಭ. ಅದರಲ್ಲಿ ಕಾಣದೆ ಹೋದದ್ದು ಏನು ಅಂತ ಕೇಳುವವರು ಕಡಿಮೆ, ನನ್ನ ತಕರಾರು ಅಲ್ಲೇ.

ಹಿನ್ನೆಲೆ ಎರಡೇ ಮಾತಿನಲ್ಲಿ. ಯಾವ ಪ್ರಬಂಧ ಯಾವುದನ್ನು ಉಲ್ಲೇಖಿಸಿದೆ ಎಂಬ ಸೂಚಿ ಇದ್ದರೆ ವಿಜ್ಞಾನದ ಜಾಡು ಹಿಡಿಯಬಹುದು ಎಂದು ಯೂಜೀನ್ ಗಾರ್ಫೀಲ್ಡ್ 1955ರಲ್ಲಿ ಬರೆದರು, 1964ರಲ್ಲಿ ಸೈನ್ಸ್ ಸೈಟೇಷನ್ ಇಂಡೆಕ್ಸ್ ಹೊರತಂದರು. ಮರುವರ್ಷ ಡೆರೆಕ್ ಪ್ರೈಸ್ ಆ ಉಲ್ಲೇಖಗಳನ್ನೇ ಒಂದು ಜಾಲವಾಗಿ ನೋಡಿ ತೋರಿಸಿದರು. ಈಗಿನ ಸಾಫ್ಟ್‌ವೇರ್‌ಗಳೆಲ್ಲ ಅದರ ಮೊಮ್ಮಕ್ಕಳು.

ಕೂತ ತಕ್ಷಣ ನೀವು ತೀರ್ಮಾನಿಸಬೇಕಾದದ್ದು, ಎರಡು ಪ್ರಬಂಧಗಳ ನಡುವೆ ಗೆರೆ ಯಾವಾಗ ಎಳೆಯಬೇಕು ಎಂಬುದು. ನೇರ ಉಲ್ಲೇಖ ಇದ್ದರೆ ಗೆರೆ ಅನ್ನುವುದು ಒಂದು ದಾರಿ. ಎರಡೂ ಪ್ರಬಂಧಗಳ ಕೊನೆಯ ಉಲ್ಲೇಖ ಪಟ್ಟಿಯಲ್ಲಿ ಒಂದೇ ಹೆಸರುಗಳಿದ್ದರೆ ಗೆರೆ ಎಳೆಯುವುದು ಇನ್ನೊಂದು; ಇದನ್ನು 1963ರಲ್ಲಿ ಕೆಸ್ಲರ್ ಹೇಳಿದ್ದು, ಬಿಬ್ಲಿಯೋಗ್ರಾಫಿಕ್ ಕಪ್ಲಿಂಗ್ ಅಂತಾರೆ. ಎರಡು ಮನೆಯ ಮದುವೆಗೆ ಕರೆದವರ ಪಟ್ಟಿ ಹೆಚ್ಚುಕಡಿಮೆ ಒಂದೇ ಇದ್ದರೆ ಆ ಎರಡು ಮನೆಗಳಿಗೆ ಏನೋ ನಂಟು ಇದೆ ಅಂತ ಊಹಿಸುತ್ತೀವಲ್ಲ, ಹಾಗೆ. ಮೂರನೆಯದು ಕೋ-ಸೈಟೇಷನ್: ಮುಂದೆ ಬಂದವರು ಎರಡನ್ನೂ ಒಟ್ಟಿಗೆ ಉಲ್ಲೇಖಿಸಿದರೆ ಅವೆರಡಕ್ಕೂ ಗೆರೆ. 1973ರಲ್ಲಿ ಹೆನ್ರಿ ಸ್ಮಾಲ್ ಅಮೆರಿಕದಲ್ಲೂ ಐರಿನಾ ಮರ್ಶಕೋವಾ ಸೋವಿಯತ್ ದೇಶದಲ್ಲೂ ಬೇರೆಬೇರೆಯಾಗಿ ಇದನ್ನು ಕಂಡುಕೊಂಡರು.

ತೊಗರಿಯಲ್ಲಿ ಇದು ಹೀಗೆ ಕೆಲಸ ಮಾಡುತ್ತದೆ. 2011–12ರ ಹೊತ್ತಿಗೆ ತೊಗರಿ ಜೀನೋಮಿನ, ಅಂದರೆ ಅದರ ಪೂರ್ತಿ ಡಿಎನ್‌ಎ ಬರಹದ, ಎರಡು ಕರಡುಗಳು ಹೊರಬಂದವು. ಒಂದು ಹೈದರಾಬಾದ್ ಬಳಿಯ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಮುಂದಾಳತ್ವದ್ದು, ಸುಮಾರು 48,680 ಜೀನ್‌ಗಳನ್ನು ಗುರುತಿಸಿತು. ಇನ್ನೊಂದು ಐಸಿಎಆರ್ (ಭಾರತೀಯ ಕೃಷಿ ಸಂಶೋಧನಾ ಮಂಡಳಿ) ಸಂಸ್ಥೆಗಳ ತಂಡದ್ದು. ಆಮೇಲೆ ಬರೆದವರು ಎರಡನ್ನೂ ಒಂದೇ ಉಸಿರಿಗೆ ಹೆಸರಿಸುವುದರಿಂದ ಕೋ-ಸೈಟೇಷನ್ ನಕ್ಷೆಯಲ್ಲಿ ಅವು ಅಂಟಿಕೊಂಡೇ ಕೂಡುತ್ತವೆ. ಆದರೆ ಹೋದ ವರ್ಷ ಬಂದ ಪ್ರಬಂಧವನ್ನು ಇನ್ನೂ ಯಾರೂ ಉಲ್ಲೇಖಿಸಿರದಿದ್ದರೆ ಅದು ಅಲ್ಲಿ ಇರುವುದೇ ಇಲ್ಲ. ಹಾಗಾಗಿ ಕ್ಷೇತ್ರದ ಅಡಿಪಾಯ ನೋಡಬೇಕೆಂದರೆ ಕೋ-ಸೈಟೇಷನ್, ಇವತ್ತು ಯಾರು ಏನು ಮಾಡುತ್ತಿದ್ದಾರೆ ನೋಡಬೇಕೆಂದರೆ ಕಪ್ಲಿಂಗ್. ನಿಮ್ಮ ಮೊದಲ ಅಧ್ಯಾಯಕ್ಕೆ ಕಪ್ಲಿಂಗ್ ಸಾಕು, ನನ್ನ ಮಾತು ಕೇಳಿ.

ಡೇಟಾಕ್ಕೆ ದುಡ್ಡು ಕೊಟ್ಟು ಬಳಸುವ ಸ್ಕೋಪಸ್ ಸೂಚಿ ಬೇಕೇ ಬೇಕು ಅಂತ ತಲೆ ಕೆಡಿಸಿಕೊಳ್ಳಬೇಡಿ. ಓಪನ್‌ಅಲೆಕ್ಸ್ ಎಂಬ ಮುಕ್ತ ಸೂಚಿ 2022ರಲ್ಲಿ ಶುರುವಾಯಿತು. ಅದಕ್ಕೆ ಸ್ವಲ್ಪ ಮೊದಲು ಮುಚ್ಚಿದ ಮೈಕ್ರೋಸಾಫ್ಟ್ ಅಕಾಡೆಮಿಕ್‌ನ ಜಾಗ ತುಂಬಿದ್ದು ಅದೇ, ದತ್ತಾಂಶ ಯಾರು ಬೇಕಾದರೂ ಬಳಸಬಹುದು. ವಿಓಎಸ್‌ವ್ಯೂವರ್ ಕೂಡ ಉಚಿತ. ಲೈಡನ್ ವಿಶ್ವವಿದ್ಯಾಲಯದ ವಾನ್ ಎಕ್ ಮತ್ತು ವಾಲ್ಟ್‌ಮನ್ ಮಾಡಿದ್ದು, ಹೊಸ ಆವೃತ್ತಿಗಳು ಓಪನ್‌ಅಲೆಕ್ಸ್‌ನಿಂದ ತಾವೇ ಎಳೆದುಕೊಳ್ಳುತ್ತವೆ. ಕೆಲವು ಸಾವಿರ ಪ್ರಬಂಧಗಳಿಗೆ ಹಳೇ ಲ್ಯಾಪ್‌ಟಾಪೇ ಸಾಕು. ಹುಡುಕುವಾಗ ಪಿಜನ್‌ಪೀ ಅಂತ ಒಂದೇ ಪದವಾಗಿ, ಪಿಜನ್ ಪೀ ಅಂತ ಬಿಡಿಸಿ, ರೆಡ್‌ಗ್ರಾಂ, ಅರ್ಹರ್, ಕಜಾನಸ್ ಕಜಾನ್ (ತೊಗರಿಯ ವೈಜ್ಞಾನಿಕ ಹೆಸರು), ಫ್ಯುಸೇರಿಯಂ ಉಡಮ್ (ನೆಟೆ ರೋಗ ತರುವ ಶಿಲೀಂಧ್ರ), ಇಷ್ಟನ್ನೂ ಹಾಕಿ. ರೆಡ್‌ಗ್ರಾಂ ಬಿಟ್ಟರೆ ನಮ್ಮ ದಕ್ಷಿಣದ ರಾಜ್ಯಗಳ ಕೆಲಸ ಬಹಳಷ್ಟು ಜಾರಿಹೋಗುತ್ತದೆ.

ಇನ್ನು ಗುಂಪು ಮಾಡುವುದು. ಒಳಗೊಳಗೆ ಗೆರೆ ದಟ್ಟ, ಹೊರಗೆ ಗೆರೆ ವಿರಳ ಇರುವ ಹಾಗೆ ಪ್ರಬಂಧಗಳನ್ನು ಗುಂಪಾಗಿ ಒಡೆಯುವುದು ಅಲ್ಗಾರಿದಮ್ಮಿನ ಕೆಲಸ. 2008ರ ಲೂವಾನ್ ವಿಧಾನ ಬಹಳ ದಿನ ನಡೆಯಿತು. ಅದು ಕೆಲವೊಮ್ಮೆ ಒಳಗೇ ಸಂಪರ್ಕ ಕಡಿದುಹೋದ ಗುಂಪುಗಳನ್ನೂ ಒಂದೇ ಅಂತ ತೋರಿಸುತ್ತದೆ ಎಂದು ಕಂಡುಬಂದ ಮೇಲೆ 2019ರಲ್ಲಿ ಲೈಡನ್ ವಿಧಾನ ಬಂತು. ಎಷ್ಟು ಸಣ್ಣದಾಗಿ ಒಡೆಯಬೇಕು ಅನ್ನುವುದಕ್ಕೆ ರೆಸಲ್ಯೂಷನ್ ಅಂತ ಒಂದು ಸಂಖ್ಯೆ ಇದೆ, ವಿಓಎಸ್‌ವ್ಯೂವರ್ ತಾನಾಗಿ 1.00 ಇಟ್ಟುಕೊಂಡಿರುತ್ತದೆ. ನಮ್ಮ ಹುಡುಗರು ಅದನ್ನು ಮುಟ್ಟುವುದೇ ಇಲ್ಲ. ಮುಟ್ಟಿ ನೋಡಿ. ಕೆಳಗಿಳಿಸಿದಷ್ಟೂ ನೆಟೆ ರೋಗ, ಗೊಡ್ಡು ರೋಗ (ಗಿಡ ಹೂ-ಕಾಯಿ ಬಿಡದೆ ಬರಡಾಗುವುದು) ಎರಡೂ "ರೋಗ" ಅನ್ನುವ ಒಂದೇ ಗುಂಪಿಗೆ ಬಂದು ಬೀಳುವ ಸಂಭವ ಹೆಚ್ಚು. ಏರಿಸಿದಂತೆ ಒಡೆಯುತ್ತವೆ, ಇನ್ನೂ ಏರಿಸಿದರೆ ಪುಡಿಪುಡಿ. 0.8ಕ್ಕೂ 1ಕ್ಕೂ 1.5ಕ್ಕೂ ಬಿಡದೆ ಒಟ್ಟಿಗೇ ನಿಲ್ಲುವ ಪ್ರಬಂಧಗಳನ್ನು ನಂಬಿ. ಒಂದು ಸಂಖ್ಯೆಯಲ್ಲಿ ಮಾತ್ರ ಹುಟ್ಟಿ ಮಾಯವಾಗುವ ಗುಂಪಿನ ಮೇಲೆ ಪುಟಗಟ್ಟಲೆ ಬರೆಯಬೇಡಿ.

ಬಣ್ಣ ಬೇರೆ, ಜಾಗ ಬೇರೆ ಅನ್ನುವುದೂ ಗೊತ್ತಿರಲಿ. ಬಣ್ಣ ಗುಂಪನ್ನು ಹೇಳುತ್ತದೆ, ಹತ್ತಿರ-ದೂರ ನಂಟನ್ನು ಅಂದಾಜಾಗಿ ಹೇಳುತ್ತದೆ. ಮೇಲೆ, ಕೆಳಗೆ, ಎಡ, ಬಲಕ್ಕೆ ಅರ್ಥವೇ ಇಲ್ಲ. ಚಿತ್ರವನ್ನು ತಿರುಗಿಸುವ, ಮಗುಚುವ ಬಟನ್ನೇ ಆ ಸಾಫ್ಟ್‌ವೇರಿನಲ್ಲಿದೆ. "ಜೀನೋಮ್ ಗುಂಪು ಬಲಮೇಲ್ಭಾಗದಲ್ಲಿರುವುದರಿಂದ ಅದು ಮುಂದುವರಿದ ಕ್ಷೇತ್ರ" ಅಂತ ಬರೆದ ಥೀಸಿಸ್ ನೋಡಿ ನಕ್ಕಿದ್ದೇನೆ.

ಈಗ ಮದುವೆ ಪಟ್ಟಿಗೆ ವಾಪಸ್. ಎರಡೂ ಮನೆಯ ಪಟ್ಟಿಯಲ್ಲಿ ಊರಿನ ಶಾಮಿಯಾನದವನ ಹೆಸರಿದ್ದರೆ ಅದರಿಂದ ನೆಂಟಸ್ತನ ಸಾಬೀತಾಗುವುದಿಲ್ಲ. ಸಸ್ಯ ವಿಜ್ಞಾನದಲ್ಲಿ ಆ ಶಾಮಿಯಾನದವರು ಡಾಯ್ಲ್ ಮತ್ತು ಡಾಯ್ಲ್, 1987. ಎಲೆಯಿಂದ ಡಿಎನ್‌ಎ ತೆಗೆಯುವ ವಿಧಾನ ಬರೆದವರು. ತೊಗರಿ ಇರಲಿ, ಮಾವು ಇರಲಿ, ಡಿಎನ್‌ಎ ತೆಗೆದವರ ಪಟ್ಟಿಯಲ್ಲಿ ಅವರ ಹೆಸರು ಮೇಲಿಂದ ಮೇಲೆ ಸಿಗುತ್ತದೆ. ಇಂಥವನ್ನು ಹಾಗೇ ಬಿಟ್ಟರೆ ವಿಷಯದಲ್ಲಿ ಸಂಬಂಧವೇ ಇಲ್ಲದ ಪ್ರಬಂಧಗಳು ಲ್ಯಾಬಿನ ವಿಧಾನ ಒಂದೇ ಅಂತ ಒಂದೇ ಗುಂಪಾಗುತ್ತವೆ. ವಂಶವೃಕ್ಷ ಕಟ್ಟುವ ಸಾಫ್ಟ್‌ವೇರ್‌ಗಳ ಪ್ರಬಂಧಗಳದ್ದೂ ಇದೇ ಕಥೆ. ಅತಿ ಹೆಚ್ಚು ಪಟ್ಟಿಗಳಲ್ಲಿ ಬರುವ ಉಲ್ಲೇಖಗಳನ್ನು ಮೊದಲು ಒಂದೊಂದಾಗಿ ನೋಡಿ, ವಿಧಾನದ ಪ್ರಬಂಧಗಳನ್ನು ಆ ಪಟ್ಟಿಗಳಿಂದ ತೆಗೆದು ಮತ್ತೆ ಓಡಿಸಿ. ಹಾಗೇ ದೊಡ್ಡ ರಿವ್ಯೂಗಳನ್ನೂ ತಾತ್ಕಾಲಿಕವಾಗಿ ಪಕ್ಕಕ್ಕಿಟ್ಟು ನೋಡಿ. ಅವು ಎಲ್ಲರನ್ನೂ ಉಲ್ಲೇಖಿಸಿ ಇಲ್ಲದ ಸೇತುವೆ ಕಟ್ಟುತ್ತವೆ.

ಅಷ್ಟಾದ ಮೇಲೆ ಉಳಿಯುವ ನಕ್ಷೆಯನ್ನು ಓದುವುದಕ್ಕೆ ನಿಜಕ್ಕೂ ಖುಷಿಯಾಗುತ್ತದೆ. ಗುಂಪಿನ ನಟ್ಟನಡುವೆ ಇರುವ ದೊಡ್ಡ ಬಿಂದುಗಳು ನಿಮಗೆ ಗೈಡೇ ಹೇಳುತ್ತಾರೆ. ನೀವು ಹುಡುಕಬೇಕಾದದ್ದು ಎರಡು ಬಣ್ಣಗಳ ನಡುವೆ ನಿಂತ ಸಣ್ಣವನ್ನು. ಆಶಾ ತಳಿಯನ್ನೇ ತಗೊಳ್ಳಿ, ಐಸಿಪಿಎಲ್ 87119. ನಮ್ಮ ಭಾಗದ ರೈತರಿಗೆ ಮಾರುತಿ, ಆಶಾ ಎರಡೂ ಮನೆಮಾತು. ಮಾರುತಿ, ಅಂದರೆ ಐಸಿಪಿ 8863, ನೆಟೆ ರೋಗ ತಡೆಯುತ್ತದೆ, ಗೊಡ್ಡು ರೋಗಕ್ಕೆ ಮಾತ್ರ ಸುಲಭದ ತುತ್ತು. ಆಶಾ ಎರಡನ್ನೂ ತಡೆಯುವ ತಳಿ ಅಂತ ಬಂತು. ಆಮೇಲೆ ಜೀನೋಮ್ ಓದಲು ಆರಿಸಿಕೊಂಡದ್ದೂ ಆಶಾವನ್ನೇ, ಎರಡೂ ತಂಡಗಳು. ಹೊಲದ ರೋಗಶಾಸ್ತ್ರದವರ ಗುಂಪಿಗೂ ಜೀನೋಮಿನವರ ಗುಂಪಿಗೂ ನಡುವೆ ಇಂಥ ತಳಿಗಳ ಮೇಲಿನ ಪ್ರಬಂಧಗಳನ್ನು ಹುಡುಕಿ, ನಿಮ್ಮ ಓದು ಅಲ್ಲಿಂದ ಶುರುವಾಗಲಿ. ಕಾಯಿಕೊರಕದವರು ಹೆಚ್ಚಾಗಿ ಬೇರೆಯೇ ದ್ವೀಪದಲ್ಲಿ ಕೂತಿರುತ್ತಾರೆ. ಹೊಲದಲ್ಲಿ ಮಾತ್ರ ಕೀಡಿ, ನೆಟೆ ಎರಡೂ ಒಂದೇ ಸಾಲಿಗೆ ಬರುತ್ತವೆ ಅನ್ನುವುದು ನಿಮಗೂ ಗೊತ್ತು.

ಬಿಂದುಗಳಿಗೆ ಪ್ರಕಟವಾದ ವರ್ಷದ ಬಣ್ಣ ಕೊಟ್ಟು ಒಮ್ಮೆ ನೋಡಿ. ಗೊಡ್ಡು ರೋಗವನ್ನು 1931ರಲ್ಲಿ ಬಿಹಾರದ ಪೂಸಾದಿಂದ ವರದಿ ಮಾಡಿದ್ದರು. ಅದನ್ನು ನುಸಿ ಹರಡುತ್ತದೆ ಅಂತ ಗೊತ್ತಾದರೂ ವೈರಸ್ಸು ಮಾತ್ರ ಸುಮಾರು ಏಳು ದಶಕ ಕೈಗೆ ಸಿಗಲಿಲ್ಲ. 2000ದ ಆಸುಪಾಸಿನಿಂದ ಆ ಸಾಹಿತ್ಯ ವೈರಸ್ಸಿನ ಕಡೆ ಹೊರಳುವುದನ್ನು ಪ್ರಬಂಧಗಳ ಶೀರ್ಷಿಕೆಗಳಲ್ಲೇ ಹಿಡಿಯಬಹುದು. ನಿಮ್ಮ ನೆಟೆ ರೋಗದಲ್ಲಿ ಅಂಥ ಹೊರಳು ಎಲ್ಲಿದೆ ಅಂತ ಹುಡುಕುವುದು ಒಳ್ಳೇ ವ್ಯಾಯಾಮ.

ನನ್ನ ತಕರಾರು ಈಗ ಬಂತು. ನೆಟ್‌ವರ್ಕ್ ಸಿದ್ಧವಾಗುವ ಹೊತ್ತಿಗೆ ವಿಓಎಸ್‌ವ್ಯೂವರ್ ಒಂದು ಪುಟ್ಟ ಕಿಟಕಿ ತೆರೆದು ಕೇಳುತ್ತದೆ: ಕೆಲವು ಬಿಂದುಗಳಿಗೆ ಉಳಿದವುಗಳ ಜೊತೆ ಸಂಪರ್ಕ ಇಲ್ಲ, ಸಂಪರ್ಕ ಇರುವ ಅತಿ ದೊಡ್ಡ ಗುಂಪನ್ನಷ್ಟೇ ತೋರಿಸಲೇ? ಸುಮ್ಮನೆ "ಯೆಸ್" ಒತ್ತಿ ಮುಂದೆ ಹೋಗುತ್ತಾರೆ. ಚಿತ್ರ ಚೆಂದ ಬರುತ್ತದೆ. ಆಗ ಉದುರಿಹೋದವು ಯಾವುವು? ಒಮ್ಮೆ "ನೋ" ಒತ್ತಿ, ಆ ಒಂಟಿ ಬಿಂದುಗಳ ಪಟ್ಟಿ ತೆಗೆದು ಓದಿ. ರಾಜ್ಯಮಟ್ಟದ ಕೃಷಿ ಜರ್ನಲ್‌ಗಳ ಎರಡು-ಮೂರು ಪುಟದ ಟಿಪ್ಪಣಿಗಳು, ಡಿಓಐ (ಪ್ರಬಂಧದ ಶಾಶ್ವತ ಗುರುತು ಸಂಖ್ಯೆ) ಇಲ್ಲದ ಹಳೆಯ ಸಂಚಿಕೆಗಳು, ನಮ್ಮದೇ ಜಿಲ್ಲೆಗಳ ಸರ್ವೆ, ತಳಿ ಪರೀಕ್ಷೆಯ ಫಲಿತಾಂಶ, ಇಂಥವೇ ಕಾಣುತ್ತವೆ. ಅವುಗಳ ಲೇಖಕರು ಯಾರನ್ನೂ ಉಲ್ಲೇಖಿಸಿಲ್ಲ ಅಂತಲ್ಲ. ಅವರ ಉಲ್ಲೇಖ ಪಟ್ಟಿ ಯಂತ್ರಕ್ಕೆ ತಲುಪಿಲ್ಲ, ಅಷ್ಟೇ. ದೊಡ್ಡ ಪ್ರಕಾಶಕರೇ ತಮ್ಮ ಉಲ್ಲೇಖ ಪಟ್ಟಿಗಳನ್ನು ಡಿಓಐ ನೋಂದಾಯಿಸುವ ಸಂಸ್ಥೆಯಾದ ಕ್ರಾಸ್‌ರೆಫ್‌ನಲ್ಲಿ ಮುಚ್ಚಿಟ್ಟಿದ್ದರು; 2017ರಲ್ಲಿ ಓಪನ್ ಸೈಟೇಷನ್ಸ್ ಆಂದೋಲನ ಶುರುವಾದ ಮೇಲೆ ಒಬ್ಬೊಬ್ಬರಾಗಿ ತೆರೆದರು, ಎಲ್ಸೆವಿಯರ್ ತೆರೆದದ್ದು 2021ರಲ್ಲಿ. ಸಣ್ಣ ಜರ್ನಲ್‌ಗಳಲ್ಲಿ ಎಷ್ಟೋ ಈ ಸಾಲಿಗೇ ಬಂದಿಲ್ಲ.

ಪರೀಕ್ಷೆ ಮಾಡುವುದು ಸರಳ. ಒಂಟಿ ಬಿಂದು ಒಂದರ ಪಿಡಿಎಫ್ ತೆರೆಯಿರಿ, ಕೊನೆಯ ಪುಟದ ಉಲ್ಲೇಖಗಳನ್ನು ಎಣಿಸಿ, ಓಪನ್‌ಅಲೆಕ್ಸ್ ಅದೇ ಪ್ರಬಂಧಕ್ಕೆ ಎಷ್ಟು ತೋರಿಸುತ್ತದೆ ನೋಡಿ. ಪುಟದಲ್ಲಿ ಇಪ್ಪತ್ತಿದ್ದು ಅಲ್ಲಿ ಸೊನ್ನೆ ಇದ್ದರೆ ನಕ್ಷೆಯ ಆ ಖಾಲಿ ಜಾಗವನ್ನು "ರಿಸರ್ಚ್ ಗ್ಯಾಪ್" ಅಂತ ಕರೆಯಬೇಡಿ. ವೈವಾದಲ್ಲಿ ಕೂತ ಪರೀಕ್ಷಕರು ಆ ಸರ್ವೆಯನ್ನು ತಾವೇ ಮಾಡಿದವರಾಗಿದ್ದರೆ ಕಷ್ಟ. ಬಟ್ಲರ್ ಎಂಬ ಐರಿಷ್ ವಿಜ್ಞಾನಿ ತೊಗರಿಯ ಈ ರೋಗದ ಮೇಲೆ 1910ರಲ್ಲಿ ಪ್ರಕಟಿಸಿದ ವರದಿಯೇ ಎಷ್ಟೋ ಪಟ್ಟಿಗಳಲ್ಲಿ ಬೇರೆಬೇರೆ ಕಾಗುಣಿತದಲ್ಲಿ ಬರುತ್ತದೆ. ಅವನ್ನು ಒಂದುಗೂಡಿಸದಿದ್ದರೆ ಯಂತ್ರಕ್ಕೆ ಅದು ನಾಲ್ಕಾರು ಸಣ್ಣ ಬಿಂದುಗಳು.

ಹೀಗಾಗಿ ಒಂಟಿ ಬಿಂದುಗಳ ಪಟ್ಟಿಯನ್ನು ಬೇರೆ ಶೀಟಿನಲ್ಲಿ ಇಟ್ಟುಕೊಂಡು ಅದಕ್ಕೆ ಕೈಯಾರೆ ಸೇರಿಸುತ್ತಾ ಹೋಗಿ. ಥೀಸಿಸ್‌ಗಳಿಗೆ ಶೋಧಗಂಗಾ, ಕೃಷಿ ವಿಶ್ವವಿದ್ಯಾಲಯಗಳದ್ದಕ್ಕೆ ಕೃಷಿಕೋಶ. ಇಕ್ರಿಸ್ಯಾಟ್‌ನ ಬಹಳಷ್ಟು ಬರಹ ಅವರದೇ ಮುಕ್ತ ಭಂಡಾರದಲ್ಲಿ ಸಿಗುತ್ತದೆ. ಆಳಂದ ರಸ್ತೆಯ ಕೃಷಿ ಸಂಶೋಧನಾ ಕೇಂದ್ರಕ್ಕೆ ಹೋಗಿ ಹಳೆಯ ವಾರ್ಷಿಕ ವರದಿಗಳನ್ನು ಕೇಳಿ ನೋಡಿ. ಕ್ಷೇತ್ರ ಪ್ರಯೋಗದ ಅಂಕಿಅಂಶ ಅಂಥ ವರದಿಗಳಲ್ಲೇ ಉಳಿದುಬಿಟ್ಟಿರುತ್ತದೆ. 

ಥೀಸಿಸ್‌ನಲ್ಲಿ ಚಿತ್ರ ಹಾಕಿದರೆ ಅದರ ಕೆಳಗೆ ಡೇಟಾ ಇಳಿಸಿದ ತಾರೀಖು, ಹುಡುಕಿದ ಪದಗಳು, ಕಪ್ಲಿಂಗೋ ಕೋ-ಸೈಟೇಷನ್ನೋ, ರೆಸಲ್ಯೂಷನ್ ಎಷ್ಟು, ಎಷ್ಟು ಪ್ರಬಂಧ ಒಂಟಿ ಅಂತ ಹೊರಬಿದ್ದವು, ಇಷ್ಟನ್ನೂ ಬರೆಯಿರಿ. ಗುಂಪಿನ ಹೆಸರನ್ನು ಸಾಫ್ಟ್‌ವೇರ್ ಕೊಡುವ ಕೀವರ್ಡ್ ನೋಡಿ ಇಡಬೇಡಿ. ಪ್ರತಿ ಗುಂಪಿನಿಂದ ಹಳೆಯವು, ಹೊಸವು, ಅಂಚಿನವು ಅಂತ ಕೆಲವನ್ನಾದರೂ ಪೂರ್ತಿ ಓದಿ ನೀವೇ ಇಡಿ.

ಇನ್ನೊಂದು ನೀವು ಕೇಳಿದ್ದು, ಡಿಟಿಪಿ ಅಂಗಡಿಯಲ್ಲಿ ದುಡ್ಡು ಕೊಟ್ಟರೆ ಮ್ಯಾಪ್ ಮಾಡಿಕೊಡುತ್ತಾರಂತೆ, ಮಾಡಿಸಲೇ ಅಂತ. ಬೇಡ. ಅವರು ಆ ಕಿಟಕಿಯಲ್ಲಿ "ಯೆಸ್" ಒತ್ತಿಯೇ ಕೊಡುತ್ತಾರೆ.