ಸಂಪಾದಕರ ಉತ್ತರ: ‘ಬದುಕಿದ್ದೀಯಲ್ಲ, ಇನ್ನೇನು?’ ಎಂದವರಿಗೆ

ನಮಸ್ಕಾರ.

ನಿಮ್ಮ ಪತ್ರ ಉದ್ದವಾಗಿದೆ. ಪೂರ್ತಿ ಹಾಕುವಷ್ಟು ಜಾಗ ಇಲ್ಲ. ಹೆಸರು, ಆಸ್ಪತ್ರೆ ಯಾವುದನ್ನೂ ಹಾಕಬೇಡಿ ಎಂದೂ ಕೇಳಿದ್ದೀರಿ. ಹಾಗಾಗಿ ಉಳಿದ ಓದುಗರಿಗೆ ವಿಷಯ ಗೊತ್ತಾಗಲಿ ಎಂದು ಚಿಕ್ಕದಾಗಿ ನಾನೇ ಹೇಳುತ್ತೇನೆ.

ಕೊರೊನಾ ಕಾಲದಲ್ಲಿ ದುಡಿದ ವೈದ್ಯರು, ನರ್ಸ್‌ಗಳ ಬಗ್ಗೆ ನಾವು ಹಾಕಿದ್ದ ಲೇಖನ ಓದಿ ನೀವು ಬರೆದಿದ್ದೀರಿ. 2020ರಲ್ಲಿ ನಿಮಗೆ ಸ್ತನ ಕ್ಯಾನ್ಸರ್ ಇದೆ ಎಂದು ಫೋನ್‌ನಲ್ಲಿ ತಿಳಿಸಿದರು. ಆಪರೇಷನ್ ಮುಂದಕ್ಕೆ ಹಾಕಿ ಕೈಗೆ ಮಾತ್ರೆ ಕೊಟ್ಟರು. ರೇಡಿಯೇಷನ್ ಮೂರು ವಾರ ಎಂದಿದ್ದವರು ಐದೇ ದಿನಕ್ಕೆ ಮುಗಿಸಿದರು. ಜೊತೆಗೆ ಯಾರನ್ನೂ ಒಳಗೆ ಬಿಡಲಿಲ್ಲ. ಈಗಲೂ ನಿಮ್ಮ ತಪಾಸಣೆ ಹೆಚ್ಚಾಗಿ ಫೋನ್‌ನಲ್ಲೇ ನಡೆಯುತ್ತಿದೆ. ಇದನ್ನೆಲ್ಲ ಹೇಳಿಕೊಂಡರೆ ‘ಬದುಕಿದ್ದೀಯಲ್ಲ, ಇನ್ನೇನು?’ ಎನ್ನುತ್ತಾರೆ. ನಿಮ್ಮ ಪ್ರಶ್ನೆ ಎರಡು. ನನಗೆ ಸಿಕ್ಕಿದ್ದು ಅರೆಬರೆ ಚಿಕಿತ್ಸೆಯೇ? ನನಗೆ ಬರುವ ಸಿಟ್ಟಿಗೆ ಅರ್ಥ ಇದೆಯೇ?

ಮೊದಲನೆಯದಕ್ಕೆ ನನ್ನ ಉತ್ತರ, ಇರಲಾರದು ಎಂದು. ನಾನು ವೈದ್ಯನಲ್ಲ, ನಿಮ್ಮ ಫೈಲ್ ನೋಡಿದವನೂ ಅಲ್ಲ. ಆದರೆ ನೀವು ಹೇಳಿದ ಎರಡೂ ಬದಲಾವಣೆಗಳ ಹಿಂದೆ ಗಟ್ಟಿ ಕಾರಣಗಳಿದ್ದವು.

ರೇಡಿಯೇಷನ್ ವಿಷಯ ತಗೊಳ್ಳಿ. ಐದು ದಿನದ ಪದ್ಧತಿ ವೈರಸ್ಸಿಗೆ ಹೆದರಿ ರಾತ್ರೋರಾತ್ರಿ ಹುಟ್ಟಿದ್ದಲ್ಲ. ಬ್ರಿಟನ್ನಿನಲ್ಲಿ ಫಾಸ್ಟ್-ಫಾರ್ವರ್ಡ್ ಎಂಬ ಅಧ್ಯಯನ 2011ರಲ್ಲೇ ಶುರುವಾಗಿತ್ತು. ನಾಲ್ಕು ಸಾವಿರಕ್ಕೂ ಜಾಸ್ತಿ ರೋಗಿಗಳು ಅದರಲ್ಲಿದ್ದರು. ಒಂದು ಗುಂಪಿಗೆ ಮೂರು ವಾರದಲ್ಲಿ 15 ಸಲ, ಒಟ್ಟು 40 ಗ್ರೇ (ರೇಡಿಯೇಷನ್ ಅಳೆಯುವ ಮಾನ) ಕೊಟ್ಟರು. ಇನ್ನೊಂದು ಗುಂಪಿಗೆ ಒಂದೇ ವಾರದಲ್ಲಿ 5 ಸಲ, ಒಟ್ಟು 26 ಗ್ರೇ. ಐದು ವರ್ಷದಲ್ಲಿ ಅದೇ ಜಾಗದಲ್ಲಿ ರೋಗ ಮರಳಿ ಬಂದಿದ್ದು ಮೊದಲ ಗುಂಪಿನಲ್ಲಿ ಶೇಕಡಾ 2.1, ಎರಡನೆಯದರಲ್ಲಿ ಶೇಕಡಾ 1.4. ಒಟ್ಟು ಲೆಕ್ಕ ಕಡಿಮೆ ಅನಿಸಿದರೂ ಒಂದೊಂದು ಸಲದ ಡೋಸ್ ಹೆಚ್ಚುಕಡಿಮೆ ಎರಡರಷ್ಟು. ಹಾಗಾಗಿ ನಿಮಗೆ ಯಾರೂ ಮೂರನೇ ಒಂದು ಭಾಗ ಕೊಟ್ಟು ಕೈತೊಳೆದುಕೊಂಡಿಲ್ಲ. ಈ ಫಲಿತಾಂಶ ಹೊರಬಂದಿದ್ದು 2020ರ ಏಪ್ರಿಲ್‌ನಲ್ಲಿ. ವಿಶ್ವ ಆರೋಗ್ಯ ಸಂಸ್ಥೆ ಕೊರೊನಾವನ್ನು ಮಹಾಮಾರಿ ಎಂದು ಸಾರಿದ್ದು ಅದರ ಹಿಂದಿನ ತಿಂಗಳು, ಮಾರ್ಚ್ 11ರಂದು. ರೋಗಿ ಆಸ್ಪತ್ರೆಗೆ ಬಂದಷ್ಟೂ ಸೋಂಕಿನ ಭಯ ಇದ್ದ ದಿನಗಳು ಅವು. ಹದಿನೈದು ಸಲ ಬರುವ ಕಡೆ ಐದು ಸಲ ಬಂದರೆ ಸಾಕು ಎಂದು ಗೊತ್ತಾದಾಗ ಎಷ್ಟೋ ಕಡೆ ಅದನ್ನೇ ಹಿಡಿದರು.

ಮಾತ್ರೆಯ ಕಥೆಯೂ ಹಾಗೇ. ಎಲ್ಲ ಸ್ತನ ಕ್ಯಾನ್ಸರ್ ಒಂದೇ ಅಲ್ಲ. ಕೆಲವು ಗಂಟುಗಳು ಈಸ್ಟ್ರೊಜೆನ್ ಹಾರ್ಮೋನ್ ತಿಂದು ಬೆಳೆಯುತ್ತವೆ, ಸಾಮಾನ್ಯವಾಗಿ ನಿಧಾನವಾಗಿ ಬೆಳೆಯುತ್ತವೆ. ಟ್ಯಾಮಾಕ್ಸಿಫೆನ್, ಲೆಟ್ರೊಜೋಲ್ ತರಹದ ಮಾತ್ರೆ ಆ ಹಾರ್ಮೋನಿನ ದಾರಿ ಕಟ್ಟುತ್ತದೆ. ಆಪರೇಷನ್‌ಗೆ ಮುಂಚೆ ಕೆಲವು ತಿಂಗಳು ಇಂಥ ಮಾತ್ರೆ ಕೊಡುವುದು, ಅದರಲ್ಲೂ ಮುಟ್ಟು ನಿಂತ ಮಹಿಳೆಯರಿಗೆ, ವೈದ್ಯರಿಗೆ ಮೊದಲಿಂದ ಗೊತ್ತಿದ್ದ ಪದ್ಧತಿಯೇ. ಐಸಿಯು, ಅರಿವಳಿಕೆ ತಜ್ಞರು, ವೆಂಟಿಲೇಟರ್ ಎಲ್ಲ ಕೊರೊನಾ ವಾರ್ಡ್ ಕಡೆ ಹೋದಾಗ ಯಾರು ಕಾಯಬಹುದು, ಯಾರು ಕಾಯಬಾರದು ಎಂದು ವಿಂಗಡಿಸಲೇಬೇಕಾಯಿತು. ಹಾರ್ಮೋನಿಗೆ ಬಗ್ಗದ, ಬೇಗ ಹರಡುವ ಗಂಟು ಇದ್ದವರನ್ನು ಮುಂದಕ್ಕೆ ತಂದರು. ನಿಮಗೆ ಮಾತ್ರೆ ಕೊಟ್ಟಿದ್ದಾರೆ ಎಂದರೆ ನಿಮ್ಮದು ಕಾಯಬಲ್ಲ ಗುಂಪು ಎಂದು ಬಯಾಪ್ಸಿ ವರದಿ ನೋಡಿ ತೀರ್ಮಾನಿಸಿರಬೇಕು.

ನೀವು ಓದಿದ ಇನ್ನೊಂದು ಲೆಕ್ಕವೂ ನಿಮ್ಮನ್ನು ಕಾಡಿದೆ. ಆಪರೇಷನ್ ನಾಲ್ಕು ವಾರ ತಡವಾದರೆ ಸಾವಿನ ಅಪಾಯ ಶೇಕಡಾ 8ರಷ್ಟು ಏರುತ್ತದೆ ಎಂಬುದು. ಅದು 2020ರ ನವೆಂಬರ್‌ನಲ್ಲಿ ಬಿಎಂಜೆ ಎಂಬ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನ, ಸುಳ್ಳಲ್ಲ. ಆದರೆ ಶೇಕಡಾ 8 ಎಂದರೆ ನೂರರಲ್ಲಿ ಎಂಟು ಜನ ಹೆಚ್ಚು ಸಾಯುತ್ತಾರೆ ಎಂದಲ್ಲ. ಮೊದಲೇ ಇರುವ ಅಪಾಯದ ಮೇಲೆ ಅಷ್ಟು ಭಾಗ ಸೇರುತ್ತದೆ ಎಂದು. ಅಪಾಯ ಸಣ್ಣದಿದ್ದವರಿಗೆ ಸೇರುವುದೂ ಸಣ್ಣದೇ. ಮಾತ್ರೆ ನುಂಗುತ್ತಾ ಕಾದವರಿಗೆ ಆ ಲೆಕ್ಕವನ್ನು ಹಾಗೇ ಹಚ್ಚಲೂ ಬರುವುದಿಲ್ಲ.

ನಿಜವಾದ ನಷ್ಟ ಎಲ್ಲಿ ಆಯಿತು ಎಂದು ಕೇಳಿದರೆ ನಾನು ಬೇರೆಯವರ ಕಡೆ ಕೈ ತೋರಿಸುತ್ತೇನೆ. ಗಂಟು ಕೈಗೆ ಸಿಕ್ಕಿದರೂ ಆಸ್ಪತ್ರೆಗೆ ಹೋಗಲು ಹೆದರಿ ಮನೆಯಲ್ಲೇ ಕೂತವರು. ಮ್ಯಾಮೊಗ್ರಾಂ, ಅಂದರೆ ಸ್ತನದ ಎಕ್ಸ್-ರೇ, ನಿಂತುಹೋದದ್ದರಿಂದ ಗಂಟು ಇದೆ ಎಂದೇ ಗೊತ್ತಾಗದವರು. ಬ್ರಿಟನ್, ನೆದರ್ಲೆಂಡ್ಸ್, ಆಸ್ಟ್ರೇಲಿಯಾಗಳಲ್ಲಿ ಸ್ಕ್ರೀನಿಂಗ್, ಅಂದರೆ ಲಕ್ಷಣ ಇಲ್ಲದವರಿಗೂ ಮಾಡುವ ಈ ತಪಾಸಣೆ, ಸ್ವಲ್ಪ ಕಾಲ ನಿಂತೇ ಹೋಗಿತ್ತು. ರೋಗ ತಡವಾಗಿ ಪತ್ತೆಯಾಗುವುದರಿಂದ ಐದು ವರ್ಷದೊಳಗಿನ ಸ್ತನ ಕ್ಯಾನ್ಸರ್ ಸಾವುಗಳು ಸುಮಾರು ಶೇಕಡಾ 8ರಿಂದ 10ರಷ್ಟು ಹೆಚ್ಚಬಹುದು ಎಂದು ಇಂಗ್ಲೆಂಡಿನ ಸಂಶೋಧಕರು 2020ರಲ್ಲೇ ಅಂದಾಜು ಮಾಡಿದ್ದರು.

ಈಗ ಸಿಟ್ಟಿನ ವಿಷಯ. ಇಲ್ಲಿ ನಾನು ಪೂರ್ತಿ ನಿಮ್ಮ ಪರ.

ಮೇಲೆ ನಾನು ಬರೆದದ್ದನ್ನು ಆಗಲೇ ಯಾರಾದರೂ ನಿಮ್ಮೆದುರು ಕೂತು ಹೇಳಬೇಕಿತ್ತು, ಅಲ್ವಾ? ನಿಮಗೆ ಸಿಕ್ಕಿದ್ದು ‘ಸದ್ಯಕ್ಕೆ ಈ ಮಾತ್ರೆ ತಗೊಳ್ಳಿ, ಆಮೇಲೆ ಕರೆಯುತ್ತೇವೆ’ ಎಂಬ ಒಂದು ಸಾಲು. ಚಿಕಿತ್ಸೆ ಬದಲಾಯಿಸುವುದಕ್ಕೆ ಮಹಾಮಾರಿ ಕಾರಣ ಆಗಬಹುದು. ಯಾಕೆ ಬದಲಾಯಿಸಿದೆವು ಎಂದು ಹೇಳದೇ ಇರುವುದಕ್ಕೆ ಆಗುವುದಿಲ್ಲ. ಕಾರಣ ಗೊತ್ತಿಲ್ಲದೆ ಕಾಯುವವರು ತಮ್ಮದೇ ಕಾರಣ ಕಟ್ಟಿಕೊಳ್ಳುತ್ತಾರೆ. ನನ್ನದು ಕೈಮೀರಿದೆ, ಅದಕ್ಕೇ ಬಿಟ್ಟಿದ್ದಾರೆ ಎಂದು ಎಷ್ಟೋ ರಾತ್ರಿ ಅಂದುಕೊಂಡೆ ಎಂದು ನೀವೇ ಬರೆದಿದ್ದೀರಲ್ಲ.

ಜೊತೆಗೆ ಬರುವವರನ್ನು ಬಾಗಿಲಲ್ಲೇ ತಡೆದಿದ್ದರ ಬೆಲೆಯನ್ನೂ ಯಾರೂ ಸರಿಯಾಗಿ ಲೆಕ್ಕ ಹಾಕಿಲ್ಲ ಅನಿಸುತ್ತದೆ. ಅದನ್ನು ಬರೀ ಧೈರ್ಯ ಹೇಳುವ ವಿಷಯ ಎಂದುಕೊಂಡರು. ಆದರೆ ಕ್ಯಾನ್ಸರ್ ಎಂಬ ಮಾತು ಕಿವಿಗೆ ಬಿದ್ದ ಮೇಲೆ ರೋಗಿಗೆ ಮುಂದಿನದು ಏನೂ ಕೇಳಿಸುವುದಿಲ್ಲ. ಪಕ್ಕದಲ್ಲಿ ಕೂತವರೇ ಕೇಳಿಸಿಕೊಳ್ಳುವುದು, ಬರೆದುಕೊಳ್ಳುವುದು, ಮನೆಗೆ ಬಂದ ಮೇಲೆ ನೆನಪಿಸುವುದು. ಆಪರೇಷನ್ ಆದ ಮೇಲೆ ಡ್ರೈನ್ (ಗಾಯದ ನೀರು ಹೊರತೆಗೆಯುವ ಕೊಳವೆ, ಚೀಲ) ಹೇಗೆ ಖಾಲಿ ಮಾಡಬೇಕು, ತೋಳಿನ ವ್ಯಾಯಾಮ ಯಾವಾಗ ಶುರು ಮಾಡಬೇಕು ಎಂಬುದನ್ನೂ ಅವರೇ ಕಲಿಯುತ್ತಿದ್ದರು. ಆ ಕಾಲದಲ್ಲಿ ಎಷ್ಟೋ ಮಹಿಳೆಯರು ನೋವಿನ ಮಂಪರಿನಲ್ಲೇ ಇದೆಲ್ಲ ಒಬ್ಬರೇ ಕೇಳಿಸಿಕೊಂಡು ಬೇಗ ಡಿಸ್ಚಾರ್ಜ್ ಆದರು. ಎದುರಿಗಿದ್ದವರ ಮುಖಕ್ಕೆ ಮಾಸ್ಕ್. ಡಾಕ್ಟರ್ ಮುಖ ನೋಡಿ ಸುದ್ದಿ ಒಳ್ಳೆಯದೋ ಕೆಟ್ಟದ್ದೋ ಊಹಿಸುವುದಕ್ಕೂ ಅವಕಾಶ ಇರಲಿಲ್ಲ.

ಕೀಮೋದಲ್ಲಿದ್ದವರ ಕಷ್ಟ ಇನ್ನೊಂದು ಬಗೆ. ಕೀಮೋ ನಡೆಯುವಾಗ ಜ್ವರ 38 ಡಿಗ್ರಿ ಸೆಲ್ಸಿಯಸ್ ದಾಟಿದರೆ ತಕ್ಷಣ ಆಸ್ಪತ್ರೆಗೆ ಬನ್ನಿ ಎಂದು ಮೊದಲೇ ಹೇಳಿರುತ್ತಾರೆ. ಬಿಳಿ ರಕ್ತಕಣ ಕಡಿಮೆ ಇದ್ದಾಗ ಸಣ್ಣ ಸೋಂಕೂ ಜೀವಕ್ಕೆ ಬರುತ್ತದೆ. ಕೊರೊನಾ ದಿನಗಳಲ್ಲಿ ಅದೇ ಜ್ವರಕ್ಕೆ ಮನೆಯಲ್ಲೇ ಇರಿ, ಹೊರಗೆ ಬರಬೇಡಿ ಎನ್ನುತ್ತಿದ್ದರು. ಯಾವ ಮಾತು ಕೇಳಬೇಕು? ಆಮೇಲೆ ಲಸಿಕೆ ಬಂತು. ಲಸಿಕೆ ಹಾಕಿಸಿಕೊಂಡ ಕಡೆ ಕಂಕುಳಿನ ಗ್ರಂಥಿ ಕೆಲವರಿಗೆ ಊದಿಕೊಳ್ಳುತ್ತಿತ್ತು. ಬೇರೆಯವರಿಗೆ ಅದು ನಾಲ್ಕು ದಿನದ ಕಿರಿಕಿರಿ. ಸ್ತನ ಕ್ಯಾನ್ಸರ್ ಆದವರಿಗೆ ಎದೆ ಒಡೆಯುವ ಗಾಬರಿ. ಆಪರೇಷನ್ ಆಗದ ಕಡೆಯ ತೋಳಿಗೆ ಹಾಕಿಸಿಕೊಳ್ಳಿ ಎಂಬ ಸಲಹೆ ಇತ್ತು, ಅದು ಎಲ್ಲರಿಗೂ ತಲುಪಲಿಲ್ಲ. ಸ್ತನ ಮರುರಚನೆಯ ಆಪರೇಷನ್‌ಗೆ ಕಾಯುತ್ತಿದ್ದವರನ್ನಂತೂ ಪಟ್ಟಿಯ ಕೊನೆಗೆ ತಳ್ಳಿದರು. ಅದು ತುರ್ತಲ್ಲ ಎಂದು ಹೇಳುವುದು ಸುಲಭ, ಕನ್ನಡಿ ಮುಂದೆ ನಿಲ್ಲುವವರು ಬೇರೆಯವರು.

ನಿಮ್ಮ ಪತ್ರದಲ್ಲಿ ನನಗೆ ಇಷ್ಟವಾದ ಸಾಲು ಒಂದಿದೆ. ನೋಡಲು ಬರುವವರ ಸಲಹೆಗಳಿಂದ ತಪ್ಪಿಸಿಕೊಂಡೆ, ಅದೊಂದು ನೆಮ್ಮದಿ ಎಂದಿದ್ದೀರಿ. ಕೂದಲು ಉದುರಿದ ತಲೆ ಯಾರಿಗೂ ತೋರಿಸಬೇಕಿರಲಿಲ್ಲ, ಕೆಲಸ ಮನೆಯಿಂದಲೇ ನಡೆಯಿತು ಎಂದು ಬೇರೆ ಮಹಿಳೆಯರೂ ಹೇಳುವುದುಂಟು. ಆ ಕಾಲ ಎಲ್ಲವನ್ನೂ ಕಿತ್ತುಕೊಂಡಿತು ಎಂದು ಬರೆದುಬಿಟ್ಟರೆ ನಿಮ್ಮಂಥವರ ಅನುಭವಕ್ಕೆ ಮೋಸ.

‘ಬದುಕಿದ್ದೀಯಲ್ಲ’ ಎನ್ನುವವರಿಗೆ ಏನು ಹೇಳಲಿ ಎಂದು ಕೇಳಿದ್ದೀರಿ. ಅವರಿಗೆ ಏನೂ ಹೇಳಬೇಕಾಗಿಲ್ಲ. ಆಗ ಎಲ್ಲರೂ ಕಷ್ಟಪಟ್ಟರು, ನಿಜ. ವೈದ್ಯರು, ನರ್ಸ್‌ಗಳು ಸುಸ್ತಾಗಿದ್ದರು, ಅವರಲ್ಲೂ ಎಷ್ಟೋ ಜನ ಸತ್ತರು. ಅವರಿಗೆ ಕೃತಜ್ಞತೆ ಇದ್ದೂ ನಿಮಗೆ ಸಿಟ್ಟು ಬರಬಹುದು. ಒಂದು ಇದ್ದರೆ ಇನ್ನೊಂದು ಇರಬಾರದು ಎಂಬ ಕಾನೂನು ಎಲ್ಲೂ ಇಲ್ಲ.

ಫೋನ್ ತಪಾಸಣೆಯನ್ನು ಮಾತ್ರ ಹೀಗೇ ಬಿಡಬೇಡಿ. ಮಾತ್ರೆಯ ಚೀಟಿ ಬರೆಸಲು, ವರದಿ ತಿಳಿಯಲು ಫೋನ್ ಸಾಕು. ಗಂಟು ಇದೆಯಾ, ಕಂಕುಳು ಊದಿದೆಯಾ ಎಂದು ಕೈಯಿಟ್ಟೇ ನೋಡಬೇಕು. ಚಿಕಿತ್ಸೆ ಮುಗಿದ ಮೊದಲ ವರ್ಷಗಳಲ್ಲಿ ಕೆಲವು ತಿಂಗಳಿಗೊಮ್ಮೆ, ಐದು ವರ್ಷದ ಮೇಲೆ ವರ್ಷಕ್ಕೊಮ್ಮೆಯಾದರೂ ನೇರ ತಪಾಸಣೆ, ಜೊತೆಗೆ ವರ್ಷಕ್ಕೊಂದು ಮ್ಯಾಮೊಗ್ರಾಂ ರೂಢಿ. ತೋಳು ಭಾರ ಅನಿಸಿದರೆ, ಬಳೆ ಉಂಗುರ ಬಿಗಿಯಾದರೆ, ಮೂಳೆಯಲ್ಲಿ ಹೊಸ ನೋವು ಬಂದು ಹೋಗದೇ ಉಳಿದರೆ ಮುಂದಿನ ದಿನಾಂಕಕ್ಕೆ ಕಾಯಬೇಡಿ. ಟ್ಯಾಮಾಕ್ಸಿಫೆನ್ ತಗೊಳ್ಳುವವರು ಮುಟ್ಟು ನಿಂತ ಮೇಲೆ ರಕ್ತ ಕಂಡರೂ ಅಷ್ಟೇ. ಲೆಟ್ರೊಜೋಲ್ ಆದರೆ ಮೂಳೆಯ ಸಾಂದ್ರತೆ ಪರೀಕ್ಷೆ ಯಾವಾಗ ಎಂದು ಕೇಳಿ.

ಹೋದಾಗ ನಿಮ್ಮ ಚಿಕಿತ್ಸೆಯ ಸಾರಾಂಶವನ್ನು ಬರೆದು ಕೊಡಲು ಹೇಳಿ. ಗಂಟಿನ ಬಗೆ, ಮಾತ್ರೆ ಶುರುವಾದ ದಿನ, ಆಪರೇಷನ್ ಆದ ದಿನ, ರೇಡಿಯೇಷನ್ ಎಷ್ಟು ಗ್ರೇ, ಎಷ್ಟು ಸಲ, ಆ ಪದ್ಧತಿ ಯಾಕೆ ಆರಿಸಿದರು ಎಂಬುದೆಲ್ಲ ಅದರಲ್ಲಿರಲಿ. ಮುಂದೆ ಯಾವ ವೈದ್ಯರ ಹತ್ತಿರ ಹೋದರೂ ಅವರು ಮೊದಲು ಕೇಳುವುದು ಇದನ್ನೇ.

— ಸಂಪಾದಕ