ಪಾರ್ಕಿನ್ಸನ್ ಕೊನೆಯ ಹಂತದಲ್ಲಿರುವ ನಮ್ಮ ಮಾವನಿಗೆ ನೀರು, ಚಹಾ ನೆತ್ತಿಗೇರುತ್ತದೆ. ರಾಗಿ ಗಂಜಿ ಮಾತ್ರ ಸಲೀಸಾಗಿ ಇಳಿಯುತ್ತದೆ. ಏಕೆ? (ಡೊಂಬಿವಲಿಯಿಂದ)

ನೀರು ಗಂಟಲಲ್ಲಿ ಬೇಗ ಹರಿಯುತ್ತದೆ, ಅವರ ನುಂಗುವ ಸ್ನಾಯುಗಳು ತಡವಾಗಿ ಕೆಲಸ ಮಾಡುತ್ತವೆ, ಅದಕ್ಕೇ. ನುಂಗುವ ಗಳಿಗೆಯಲ್ಲಿ ಶ್ವಾಸನಾಳದ ಬಾಯಿ ಮುಚ್ಚಿಕೊಳ್ಳಬೇಕು. ಈ ರೋಗದಲ್ಲಿ ಕೈಕಾಲು ನಿಧಾನವಾದಂತೆ ಆ ಮುಚ್ಚುವಿಕೆಯೂ ನಿಧಾನ. ಅಷ್ಟರಲ್ಲಿ ನೀರು ಒಳಗೆ ಜಾರಿರುತ್ತದೆ. ಮಂದವಾದ ಗಂಜಿ ಮೆಲ್ಲಗೆ ಸರಿಯುವುದರಿಂದ ಗಂಟಲಿಗೆ ಸಮಯ ಸಿಗುತ್ತದೆ.

ನನಗೆ ಕೆಮ್ಮಿಗಿಂತ ಕೆಮ್ಮು ಬಾರದಿರುವುದೇ ಹೆಚ್ಚು ಭಯ. ಕೊನೆಯ ಹಂತದಲ್ಲಿ ಆಹಾರ, ಜೊಲ್ಲು ಸದ್ದಿಲ್ಲದೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಈ ರೋಗಿಗಳ ಸಾವಿನ ಮುಖ್ಯ ಕಾರಣಗಳಲ್ಲಿ ಅದೂ ಒಂದು. ಕುಡಿದ ಮೇಲೆ ದನಿ ಗೊರಗೊರ ಎನ್ನುತ್ತಿದ್ದರೆ, ಆಗಾಗ ಜ್ವರ ಬರುತ್ತಿದ್ದರೆ ತಡಮಾಡದೆ ಡಾಕ್ಟರಿಗೆ ಹೇಳಿ.

ಮಲಗಿದ್ದಾಗ ಒಂದು ಚಮಚವನ್ನೂ ಕುಡಿಸಬೇಡಿ. ನೆಟ್ಟಗೆ ಕೂರಿಸಿ, ಗದ್ದ ತುಸು ಕೆಳಗಿರಲಿ. ಊಟವಾದ ಮೇಲೂ ಅರ್ಧ ಗಂಟೆ ಹಾಗೇ ಕೂತಿರಲಿ. ಈ ರೋಗದಲ್ಲಿ ಚಲನೆ ಸಲೀಸಾಗಲು ಕೊಡುವ ಲೆವೊಡೋಪಾ ಮಾತ್ರೆಯನ್ನು ಊಟಕ್ಕೆ ಸುಮಾರು 30 ನಿಮಿಷ ಮುಂಚೆ ಕೊಡಬಹುದೇ ಎಂದು ಡಾಕ್ಟರನ್ನು ಕೇಳಿ, ಮಾತ್ರೆಯ ಬಲ ಇರುವಾಗಲೇ ಊಟ ಮಾಡಿಸುವುದು ಒಳ್ಳೆಯದು. ದಿನಕ್ಕೆರಡು ಸಲ ಬಾಯಿ ಶುಚಿ ಮಾಡಿ, ಇದನ್ನು ಎಷ್ಟೋ ಮನೆಗಳಲ್ಲಿ ಮರೆಯುತ್ತಾರೆ.

ಎಲ್ಲವನ್ನೂ ನೀವೇ ಮಂದ ಮಾಡಲು ಹೋಗಬೇಡಿ. ರುಚಿಸದೆ ಕುಡಿಯುವುದೇ ಕಡಿಮೆಯಾಗಿ ದೇಹದಲ್ಲಿ ನೀರಿನಂಶ ಇಳಿಯುತ್ತದೆ. ಎಷ್ಟು ಮಂದ ಬೇಕೆಂದು ಸ್ಪೀಚ್ ಥೆರಪಿಸ್ಟ್ ನುಂಗುವುದನ್ನು ಪರೀಕ್ಷಿಸಿ ಹೇಳುತ್ತಾರೆ. ಮುಂಬೈಯಲ್ಲಿ 2001ರಲ್ಲಿ ಶುರುವಾದ ಪಾರ್ಕಿನ್ಸನ್ಸ್ ಡಿಸೀಸ್ ಆ್ಯಂಡ್ ಮೂವ್‌ಮೆಂಟ್ ಡಿಸಾರ್ಡರ್ ಸೊಸೈಟಿ ರೋಗಿಗಳಿಗೂ ಮನೆಯವರಿಗೂ ಬೆಂಬಲ ಗುಂಪುಗಳನ್ನು ನಡೆಸುತ್ತದೆ, ಅಲ್ಲಿ ವಿಚಾರಿಸಿ.